ಹೆಂಡತಿಯ ಬದಲಿಗೆ ನಿಪ್ಪಾಣಿಗೆ ಹೋದದ್ದು

ಆ ದಿನ ಮಂಗಳವಾರ. ವಿಶೇಷ ಏನೂ ಇರಲಿಲ್ಲ. ನಾನು ಎರಡೂ ಎಮ್ಮೆಗಳ ಹಾಲು ಹಿಂಡಿ ಡೇರಿಗೆ ಹಾಕಿ ಮನೆಗೆ ಬಂದಾಗ ಹೆಂಡತಿ ಟಿವಿ ಮುಂದೆ ಕೂತು ಮೆಂತ್ಯೆ ಪಲ್ಯ ಬಿಡಿಸುತ್ತಿದ್ದಳು. ಏಳು ಗಂಟೆಯ ಮರಾಠಿ ಧಾರಾವಾಹಿ ಆಗಷ್ಟೇ ಮುಗಿದಿತ್ತು.

ನಮ್ಮ ಮನೆ ಅಂಕಲಿಯಲ್ಲಿ. ಅವಳ ತವರು ಹೊಳೆಯ ಆಚೆ, ಮಹಾರಾಷ್ಟ್ರದಲ್ಲಿ. ಅವಳು ಕಲಿತದ್ದು ಮರಾಠಿ ಶಾಲೆ. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದಳು, ಓದಲು ಬರೆಯಲು ಬರುತ್ತಿರಲಿಲ್ಲ. ಒಂದೇ ಕಥೆಯ ಧಾರಾವಾಹಿ ಎರಡೂ ಭಾಷೆಯಲ್ಲಿ ಬರುತ್ತಿತ್ತು. ಮರಾಠಿಯದು ಮೂಲ. ಅದರಲ್ಲಿ ಇಂದು ನಡೆದದ್ದು ಎಂಟು ಹತ್ತು ದಿನ ಬಿಟ್ಟು ಕನ್ನಡದಲ್ಲಿ ನಡೆಯುತ್ತಿತ್ತು. ಅವಳು ಏಳಕ್ಕೆ ಮರಾಠಿ ನೋಡುವಳು, ಎಂಟೂವರೆಗೆ ನನ್ನ ಜೊತೆ ಕನ್ನಡ ನೋಡುವಳು. ನಡುವೆ ರೊಟ್ಟಿ ಬಡಿಯುತ್ತ ಮುಂದಿನ ವಾರದ ಕಥೆಯನ್ನು ನನಗೆ ಹೇಳಿ ಮುಗಿಸುವಳು.

"ಅಹೋ, ಇವತ್ತ ಮರಾಠಿ ಒಳಗ ದೊಡ್ಡ ಸೊಸಿ ತವರಮನಿಗೆ ಹೋಗಿಬಿಟ್ಲು," ಅಂದಳು.

"ಎಲ್ಲಾ ಮೊದಲ ಹೇಳಿಬಿಟ್ರ ನಾ ಯಾಕ ನೋಡ್ಲಿ?"

"ನೀವ್ ಎಲ್ಲಿ ನೋಡ್ತೀರಿ? ಜಾಹೀರಾತ ಬಂದಾಗ ಎಚ್ಚರ ಇರ್ತೀರಿ, ಕತಿ ಸುರು ಆದಕೂಡ್ಲೆ ಗೊರಕಿ ಹೊಡೀತೀರಿ."

ಆ ಸಂಜೆಯೂ ಕುರ್ಚಿಯಲ್ಲೇ ನಿದ್ದೆ ಹೋದೆ. ಬುಧವಾರ ಬೆಳಿಗ್ಗೆ ಎಮ್ಮೆಗಳಿಗೆ ನೀರು ತೋರಿಸಲು ಹೋದವಳು ಗೋದಲಿಯ ಪಕ್ಕದಲ್ಲಿ ಕೂತುಬಿಟ್ಟಳು. ಎದೆ ಹಿಡಿದುಕೊಂಡಿದ್ದಳು. ದವಾಖಾನೆಗೆ ಹೊರಟ ಗಾಡಿ ಚಿಕ್ಕೋಡಿ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಅದರ ಬಗ್ಗೆ ಇನ್ನೂ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ನಂತರ ನಾನು ಮಾಡಿದ ಪೆದ್ದತನವನ್ನು ಬರೆಯಲು ಬರುತ್ತದೆ. ಹತ್ತನೆಯ ತರಗತಿಯವರೆಗೆ ಓದಿದವನಿಗೆ ಅಷ್ಟು ಸಾಕು.

ಅವಳ ಫೋನಿನಲ್ಲಿ ಒಂದು ವಾಟ್ಸಪ್ ಗುಂಪು ಇತ್ತು. 'ದೊಡ್ಡ ಸೊಸೆ ಬಳಗ' ಎಂದು ಹೆಸರು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಹೆಂಗಸರು, ಎಲ್ಲರೂ ಆ ಧಾರಾವಾಹಿಯ ಅಭಿಮಾನಿಗಳು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನಮ್ಮೂರಿನವರು ಬೇರೆ ಯಾರೂ ಇರಲಿಲ್ಲ. ಆ ಗುಂಪಿನಲ್ಲಿ ನನ್ನ ಹೆಂಡತಿಗೆ ದೊಡ್ಡ ಮರ್ಯಾದೆ. ಮರಾಠಿ ನೋಡಿ ಮುಂದಿನದನ್ನು ಹೇಳುವವಳು ಅವಳೊಬ್ಬಳೇ. ಉಳಿದವರಿಗೆ ಆ ಹೊತ್ತಿನಲ್ಲಿ ಹಾಲು, ರೊಟ್ಟಿ, ಮಕ್ಕಳ ಅಭ್ಯಾಸ. ಒಬ್ಬಳು ನೋಡಿ ಹೇಳಿದರೆ ಸಾಕಲ್ಲ ಎಂದು ಅವರ ಲೆಕ್ಕ. ಓದಲು ಬರೆಯಲು ಬಾರದ್ದರಿಂದ ಅವಳು ಧ್ವನಿ ಸಂದೇಶ ಕಳಿಸುತ್ತಿದ್ದಳು, ಉಳಿದವರೂ ಅವಳಿಗೆ ಹಾಗೆಯೇ. ನಾನು ಒಂದನ್ನೂ ಕೇಳಿಸಿಕೊಂಡಿರಲಿಲ್ಲ. ಹೆಂಗಸರ ಹರಟೆ ಎಂದು ಬಿಟ್ಟಿದ್ದೆ.

ಒಂಬತ್ತನೆಯ ದಿನ ಆ ಫೋನು ಗೋಡೆಯ ಗೂಡಿನಲ್ಲಿ ಒಂದೇ ಸಮ ಸದ್ದು ಮಾಡತೊಡಗಿತು. ತೆಗೆದು ನೋಡಿದೆ, ಅವರವರ ಧ್ವನಿ ಸಂದೇಶಗಳು. 'ಅಕ್ಕಾರ, ನೀವು ಹೇಳಿದ್ಹಂಗ ದೊಡ್ಡ ಸೊಸಿ ತವರಿಗೆ ಹೋದ್ಲು. ಮುಂದ ಏನಾಗ್ತೈತಿ? ಎಲ್ಲಿ ಹೋಗೀರಿ?'

ಸುದ್ದಿ ತಿಳಿಸೋಣ ಎಂದೇ ಕೂತೆ. 'ನಾನು ಅವರ ಮನೆಯವರು' ಎಂದು ಬರೆದೆ. ಮುಂದಿನ ವಾಕ್ಯ ಬರೆಯಲು ಆಗಲಿಲ್ಲ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಅಷ್ಟರಲ್ಲಿ ಏಳು ಗಂಟೆಯಾಯಿತು. ಕೈ ತಾನಾಗಿಯೇ ಟಿವಿ ಹಚ್ಚಿತು. ಅವಳಿದ್ದಾಗ ಒಂದು ದಿನವೂ ಪೂರ್ತಿ ನೋಡದವನು ಅಂದು ಕಣ್ಣು ಮಿಟುಕಿಸದೆ ನೋಡಿದೆ. ಆಮೇಲೆ ಅವಳ ಫೋನಿನಿಂದ ಹೀಗೆ ಬರೆದೆ: 'ಮಾವ ಕರಿಯಾಕ ಹೋಗ್ತಾನ. ಆಕಿ ಬರೂದಿಲ್ಲ.'

ಕೈ ಮುಗಿದ ಚಿತ್ರಗಳು, ಗುಲಾಬಿ ಹೂಗಳು ಸಾಲುಸಾಲಾಗಿ ಬಂದವು. ಹೆಂಡತಿ ಸತ್ತು ಒಂಬತ್ತನೆಯ ದಿನ, ಐವತ್ತೆಂಟು ವರ್ಷದ ಒಬ್ಬ ಗಂಡಸು ಧಾರಾವಾಹಿಯ ಭವಿಷ್ಯ ಹೇಳಿ ಹೊಗಳಿಸಿಕೊಂಡು ಸಮಾಧಾನಪಟ್ಟುಕೊಂಡ.

ನಾಳೆ ತಿಳಿಸಿದರಾಯಿತು ಅಂದುಕೊಂಡೆ. ಆ ನಾಳೆ ಏಳು ತಿಂಗಳು ನಡೆಯಿತು.

ಸುಳ್ಳು ಹೇಳುವುದು ನನಗೆ ರೂಢಿಯಿಲ್ಲ. ಹಾಗಾಗಿ ಕೆಟ್ಟದಾಗಿ ಹೇಳಿದೆ. 'ಅಕ್ಕಾರ, ಕನ್ನಡ ಬರಿಯಾಕ ಯಾವಾಗ ಕಲ್ತ್ರಿ?' ಎಂದು ಕೇಳಿದರು. ಮೊಮ್ಮಗಳ ಜೊತೆ ಕೂತು ಕಲಿತೆ ಎಂದೆ. ನನ್ನ ಮಗಳು ಅಥಣಿಯಲ್ಲಿದ್ದಾಳೆ. ಆಗ ಅವಳ ಕೂಸಿಗೆ ಎರಡು ವರ್ಷ. 'ಧ್ವನಿ ಯಾಕ ಕಳಸೂದಿಲ್ಲ?' ಎಂದರು. ಗಂಟಲು ಹಿಡಿದಿದೆ ಎಂದೆ. ಅಂದಿನಿಂದ ಔಷಧಿಗಳು ಸುರುವಾದವು. ಜ್ಯೇಷ್ಠಮಧು ಜಗಿಯಿರಿ, ಅರಿಶಿನದ ಹಾಲು ಕುಡಿಯಿರಿ, ವೀಳ್ಯದೆಲೆಯಲ್ಲಿ ಮೆಣಸಿನಕಾಳು ಇಟ್ಟು ನುಂಗಿರಿ. ಅಷ್ಟು ಪ್ರೀತಿಯಿಂದ ಹೇಳಿದ್ದನ್ನು ಮಾಡದೇ ಇರುವುದು ಸರಿಯಲ್ಲ ಎನಿಸಿ ನಾನೇ ಎಲ್ಲವನ್ನೂ ಮಾಡಿದೆ. ಮೆಣಸಿನಿಂದ ಬಾಯಿ ಹುಣ್ಣಾಯಿತು. 'ಈಗ ಹ್ಯಾಂಗೈತ್ರಿ?' ಎಂದರೆ 'ಜರಾ ಕಡಿಮಿ ಐತಿ' ಎಂದು ಬರೆದೆ.

ಶೇಡಬಾಳದ ಒಬ್ಬ ಜೈನರ ಹೆಣ್ಣುಮಗಳು ಗುಂಪಿನ ಹೊರಗೆ, ಅಕ್ಕಾರು ಓದಲು ಕಲಿತರೆಂದು ನಂಬಿ, ನನ್ನ ಹೆಂಡತಿಯೊಬ್ಬಳಿಗೇ ಬರೆಯತೊಡಗಿದರು. ಹೊತ್ತು ಮುಳುಗುವ ಮೊದಲೇ ಅವರ ಮನೆಯಲ್ಲಿ ಊಟ ಮುಗಿಯುತ್ತಿತ್ತು, ಹಾಗಾಗಿ ಸಂಜೆ ಬರೆಯಲು ಬಿಡುವು. ನಮ್ಮ ಹೊಸ ಸೊಸೆ ಅದೇ ಮನೆಯಲ್ಲಿ ಬೇರೆ ಒಲೆ ಹೂಡುತ್ತೇನೆ ಎನ್ನುತ್ತಿದ್ದಾಳೆ, ಏನು ಮಾಡಲಿ ಅಕ್ಕಾ, ಎಂದು ಕೇಳಿದರು. ಓದಬಾರದಿತ್ತು. ಓದಿದೆ. ಉತ್ತರ ಕೊಡಬಾರದಿತ್ತು. ಕೊಟ್ಟೆ. 'ಏನೂ ಮಾತಾಡಬ್ಯಾಡ್ರಿ. ಸುಮ್ಮನ ಇರ್ರಿ. ತಾನ ಸರಿ ಆಗ್ತೈತಿ.' ಮೂವತ್ತೆರಡು ವರ್ಷ ಸಂಸಾರದಲ್ಲಿ ನಾನು ಮಾಡಿದ್ದು ಅದೊಂದೇ. ನನಗೆ ಗೊತ್ತಿದ್ದ ಬುದ್ಧಿಯೂ ಅದೊಂದೇ.

ಇನ್ನೊಂದು ದೊಡ್ಡ ತಪ್ಪು ಮೈದುನನ ವಿಷಯದಲ್ಲಿ ಆಯಿತು. ಮರಾಠಿಯಲ್ಲಿ ದೊಡ್ಡ ಸೊಸೆಯ ಮೈದುನ ಮೋಟರ್‌ಸೈಕಲ್ ಮೇಲಿಂದ ಬಿದ್ದು ಸತ್ತ. ನಾನು ಬಳಗಕ್ಕೆ ತಿಳಿಸಿದೆ: 'ಮುಂದಿನ ವಾರ ಮೈದುನ ಸಾಯ್ತಾನ.' ಗುಂಪಿನಲ್ಲಿ ಹಾಹಾಕಾರ. ರಾಯಬಾಗದ ಒಬ್ಬ ಮುದುಕಿ ಆತನಿಗಾಗಿ ಐದು ದಿನ ಒಪ್ಪತ್ತು ಹಿಡಿದರು. ಆ ವಾರ ಬಂತು. ಕನ್ನಡದಲ್ಲಿ ಆತನೂ ಮೋಟರ್‌ಸೈಕಲ್ ಮೇಲಿಂದ ಬಿದ್ದ. ಕಾಲು ಮುರಿಯಿತು, ಅಷ್ಟೇ.

'ಅಕ್ಕಾರ ಮಾತು ಮೊದಲ್ನೇ ಸಲ ತಪ್ಪಿತು,' ಎಂದು ಒಬ್ಬರು ಬರೆದರು. 'ತಪ್ಪಿಲ್ಲ, ಅಜ್ಜಿ ಒಪ್ಪತ್ತು ಉಳಿಸ್ತು,' ಎಂದು ಇನ್ನೊಬ್ಬರು. ನಾನು ಕೊಂದವನನ್ನು ರಾಯಬಾಗದವರು ಉಪವಾಸ ಮಾಡಿ ಬದುಕಿಸಿಕೊಂಡಿದ್ದರು. 'ಕನ್ನಡದವ್ರು ಲಗೂನ ಯಾರನ್ನೂ ಸಾಯಸೂದಿಲ್ಲ' ಎಂದು ಹೆಂಡತಿ ಒಮ್ಮೆ ಹೇಳಿದ್ದು ಆಗ ನೆನಪಾಯಿತು. ಯಾವುದು ಹಾಗೇ ಬರುತ್ತದೆ, ಯಾವುದು ಬದಲಾಗುತ್ತದೆ ಎಂದು ಅವಳಿಗೆ ತಿಳಿಯುತ್ತಿತ್ತು. ನಾನು ಕಂಡದ್ದನ್ನು ಕಂಡ ಹಾಗೆ ಬರೆಯುವ ಗುಮಾಸ್ತ.

ಆ ವಾರ ಒಂದು ವಿಚಿತ್ರ ವಿಚಾರ ತಲೆ ಹೊಕ್ಕಿತು. ಮರಾಠಿಯಲ್ಲಿ ಸತ್ತವನು ಕನ್ನಡದಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಚಹ ಕುಡಿಯುತ್ತಿದ್ದ. ನನ್ನ ಹೆಂಡತಿಯೂ ಹಾಗೆಯೇ. ಅಂಕಲಿಯಲ್ಲಿ ಅವಳ ಮಣ್ಣು, ದಿನಕರ್ಮ ಮುಗಿದಿತ್ತು; ಬಳಗದಲ್ಲಿ ಗಂಟಲು ಕೆಟ್ಟಿತ್ತು, ಅಷ್ಟೇ. ನಾನು ಒಂದು ಸಾಲು ಬರೆದರೆ ಅಲ್ಲಿಯೂ ಮುಗಿಯುತ್ತಿತ್ತು. ಅದಕ್ಕೇ ಬರೆಯಲಿಲ್ಲ. ಅಭಿಮಾನಿಗಳಿಗೆ ಮೋಸ ಮಾಡಬೇಕೆಂದು ಅಲ್ಲ.

ಹೀಗಿರುವಾಗ ಬಳಗದವರು ನಿಪ್ಪಾಣಿಯಲ್ಲಿ ಕೂಟ ಇಟ್ಟರು. ಮದುವೆಯ ಮುಹೂರ್ತಗಳಿಲ್ಲದ ತಿಂಗಳು, ಒಂದು ಮಂಗಲ ಕಾರ್ಯಾಲಯ ಖಾಲಿ ಸಿಕ್ಕಿತ್ತು. ಗುಂಪು ನಡೆಸುವವರು ಚಿಕ್ಕೋಡಿಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳು. ಅವರು ಬರೆದಿದ್ದರು: 'ಅಂಕಲಿ ಅಕ್ಕಾರು ಬರಾಕಽ ಬೇಕು. ಗಂಟಲಿಲ್ಲದಿದ್ರೂ ನಡೀತೈತಿ, ಮಾರಿ ತೋರಿಸ್ರಿ.'

ಇನ್ನು ಮುಗಿಸಬೇಕು, ಮುಖಾಮುಖಿ ಹೇಳಿ ಕ್ಷಮೆ ಕೇಳಬೇಕು ಎಂದು ನಿಶ್ಚಯಿಸಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಾಂಧಿ ಟೋಪಿ ಹಾಕಿಕೊಂಡು ಬಸ್ಸು ಹತ್ತಿದೆ. ಚಿಕ್ಕೋಡಿ ದಾಟುವವರೆಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ನಿಪ್ಪಾಣಿ ಸ್ಟ್ಯಾಂಡು ಬಂತು. ಎಲ್ಲರೂ ಇಳಿದರು. ನಾನು ಇಳಿಯಲಿಲ್ಲ.

"ಎಲ್ಲಿಗ್ರಿ ನೀವು?" ಎಂದು ಕಂಡಕ್ಟರ್ ಕೇಳಿದ.

"ಬಸ್ಸು ಎಲ್ಲಿಗೆ ಹೋಗ್ತೈತಿ?"

"ಕೊಲ್ಲಾಪುರಕ್ಕ."

"ಕೊಗನೊಳ್ಳಿ ಕೊಡ್ರಿ ಹಂಗಾದ್ರ," ಎಂದೆ. ರಾಜ್ಯ ಬಿಟ್ಟು ಓಡುವಷ್ಟು ಧೈರ್ಯವೂ ಇರಲಿಲ್ಲ. ಗಡಿಗೆ ಮೊದಲಿನ ಊರಿನಲ್ಲಿ ಇಳಿದು, ಒಂದು ಚಹ ಕುಡಿದು, ಎದುರಿನ ಬಸ್ಸು ಹಿಡಿದು ತಿರುಗಿ ಬಂದೆ.

ಕಾರ್ಯಾಲಯದ ಬಾಗಿಲಿಗೆ ಬಲೂನು ಕಟ್ಟಿದ್ದರು. ದೊಡ್ಡ ಸೊಸೆಯ ಪಾತ್ರದವಳ ಆಳೆತ್ತರದ ಚಿತ್ರ ನಿಲ್ಲಿಸಿದ್ದರು. ಹೆಂಗಸರು ಅದರ ಹೆಗಲ ಹತ್ತಿರ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬಹಳ ಮಂದಿ ಅವಳಂತೆಯೇ ಹಸಿರು ಇಳಕಲ್ ಸೀರೆ ಉಟ್ಟಿದ್ದರು. ಅಷ್ಟು ಹಸಿರಿನ ನಡುವೆ ಬಿಳಿ ಟೋಪಿಯವನು ನಾನೊಬ್ಬನೇ. ಕಬ್ಬಿನ ಹೊಲದಲ್ಲಿ ಕೊಕ್ಕರೆ ನಿಂತ ಹಾಗೆ ಕಂಡಿರಬೇಕು.

ಬಾಗಿಲಲ್ಲಿ ಮೇಜಿನ ಹಿಂದೆ ಚಿಕ್ಕೋಡಿಯವರು ಕೂತಿದ್ದರು. ಧ್ವನಿ ಕೇಳಿದ ಕೂಡಲೇ ಗುರುತಾಯಿತು, ಅವರ ಸಂದೇಶಗಳನ್ನು ಅಷ್ಟು ಸಲ ಕೇಳಿದ್ದೆ.

"ಯಾರ ಕಡಿಯವ್ರ್ರಿ ಯಜಮಾನ್ರ?"

"ಅಂಕಲಿಯವ್ರ ಮನಿಯವ್ರು."

"ಅಯ್ಯ, ನಮ್ಮ ಅಕ್ಕಾರ ಮಾಲಕರಾ? ಬರ್ರಿ ಬರ್ರಿ. ಅಕ್ಕಾರೆಲ್ಲಿ?"

ಬಸ್ಸಿನಲ್ಲಿ ಬಾಯಿಪಾಠ ಮಾಡಿದ ಮಾತು ಬಾಯಿಗೆ ಬರಲಿಲ್ಲ. "ಹಿಂದಿಂದ ಬರ್ತಾಳ್ರಿ," ಎಂದೆ.

ಅವರು ನನ್ನನ್ನು ಮೊದಲ ಸಾಲಿನಲ್ಲಿ ಕೂಡಿಸಿ, ಪಕ್ಕದ ಕುರ್ಚಿಯ ಮೇಲೆ ತಮ್ಮ ಪರ್ಸ್ ಇಟ್ಟು, ಯಾರೂ ಕೂಡಬೇಡಿ, ಅಕ್ಕಾರು ಬರುತ್ತಾರೆ ಎಂದು ಎಲ್ಲರಿಗೂ ಹೇಳಿ ಹೋದರು. ನನ್ನ ಸುಳ್ಳಿಗೆ ಈಗ ಒಂದು ಕುರ್ಚಿಯೂ ಸಿಕ್ಕಿತು. ರಾಯಬಾಗದ ಮುದುಕಿ ಹತ್ತಿರ ಬಂದು, ಊರ ಹೆಸರು ಹೇಳಿ, ನನ್ನ ಕೈಯಲ್ಲಿ ಒಂದು ಗಾಜಿನ ಭರಣಿ ಇಟ್ಟರು.

"ಹಸಿ ಸುಂಠಿ, ಹಳೇ ಬೆಲ್ಲ. ದಿನಾ ಮುಂಜಾನೆ ಒಂದ ಚಮಚೆ ತಿನ್ಲಿಕ್ಕೆ ಹೇಳ್ರಿ. ಏಳು ತಿಂಗಳಾತು ಪಾಪ, ಒಂದ ಮಾತಿಲ್ಲ. ನೀವರೆ ದವಾಖಾನಿಗೆ ಕರ್ಕೊಂಡ ಹೋಗಬಾರದೇನ್ರಿ?"

"ಹೋಗಿದ್ವಿರಿ," ಎಂದೆ. ಅದು ಸುಳ್ಳಲ್ಲ.

ಮುದುಕಿಯ ಹಿಂದೆಯೇ ಶೇಡಬಾಳದವರು ಬಂದು ಗುರುತು ಹೇಳಿಕೊಂಡರು. ಸಣ್ಣ ದನಿ, ಅಚ್ಚುಕಟ್ಟಾದ ನೆರಿಗೆ. ಅಕ್ಕಾರು ಬಂದ ಕೂಡಲೇ ತನಗೆ ಹೇಳಬೇಕು, ಅವರೊಬ್ಬರ ಜೊತೆ ಎರಡು ಮಾತು ಆಡುವುದಿದೆ ಎಂದರು. ಹೂಂ ಎಂದೆ. ಅವರ ಮನೆಯ ಒಲೆಯ ಸುದ್ದಿ ನನಗೆ ಪೂರ್ತಿ ಗೊತ್ತಿದೆ ಎಂದು ನೆನೆದು ಅವರ ಮುಖ ನೋಡಲಾಗಲಿಲ್ಲ.

ಕಾರ್ಯಕ್ರಮ ಸುರುವಾಯಿತು. ಬರುತ್ತೇನೆ ಎಂದಿದ್ದ ನಟಿ ಬರಲಿಲ್ಲ. ಧಾರಾವಾಹಿಯಲ್ಲಿ ಆ ಮನೆಗೆ ಹಾಲು ಹಾಕುವವನ ಪಾತ್ರ ಮಾಡುವ ಒಬ್ಬರು ಬಂದಿದ್ದರು. ಅವರನ್ನೇ ಎಲ್ಲರೂ ಮುತ್ತಿದರು. ನಾನು ದಿನಾ ನಿಜವಾಗಿ ಹಾಲು ಹಾಕುವವನು, ನನ್ನ ಕಡೆ ಯಾರೂ ತಿರುಗಲಿಲ್ಲ. ಒಂದು ರೀತಿ ನೆಮ್ಮದಿಯಾಯಿತು. ಆಮೇಲೆ ಪ್ರಶ್ನೆ ಕೇಳುವ ಆಟ. ದೊಡ್ಡ ಸೊಸೆಯ ತವರೂರು ಯಾವುದು, ಅತ್ತೆಯ ಬಳೆ ಕಳೆದದ್ದು ಯಾವ ಹಬ್ಬದಲ್ಲಿ. ನನಗೆ ಎಲ್ಲ ಉತ್ತರವೂ ಗೊತ್ತಿತ್ತು. ಹೇಳಲಾಗದೆ ಕೂತು ಚಡಪಡಿಸಿದೆ. ಹೇಳಬೇಕಾದ ದೊಡ್ಡದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡವನಿಗೆ ಬಳೆಯ ಉತ್ತರದ ಚಡಪಡಿಕೆ.

ಕೊನೆಗೆ ಚಿಕ್ಕೋಡಿಯವರು ಮೈಕ್ ಹಿಡಿದರು. ಮುಂದಿನ ಕಥೆ ಹೇಳಿ ಬಳಗವನ್ನು ಇಷ್ಟು ದಿನ ಹಿಡಿದಿಟ್ಟ ಅಂಕಲಿ ಅಕ್ಕಾರಿಗೆ ಸೀರೆ, ತೆಂಗಿನಕಾಯಿ ಕೊಟ್ಟು ಉಡಿ ತುಂಬುತ್ತೇವೆ ಎಂದರು. ತಟ್ಟೆಯಲ್ಲಿ ಹಸಿರು ಇಳಕಲ್ ಸೀರೆ, ಕುಂಕುಮ, ಅಕ್ಕಿ.

"ಅಕ್ಕಾರು ಇನ್ನೂ ಬರ್ಲಿಲ್ಲೇನ್ರಿ ಮಾಲಕರ? ಎಲ್ಲಿ ತನಕ ಬಂದಾರ, ಫೋನ್ ಹಚ್ರಿ."

ಫೋನು ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಮುತ್ತೈದೆಯ ಉಡಿ ತುಂಬುವ ಅಕ್ಕಿ ನೋಡಿದ ಮೇಲೆ ಇನ್ನು ಸುಳ್ಳು ಹೇಳಲು ಆಗಲಿಲ್ಲ. ಎದ್ದು ಹೋಗಿ ಮೈಕಿನ ಮುಂದೆ ನಿಂತೆ. ಟೋಪಿ ತೆಗೆದೆ, ಮತ್ತೆ ಹಾಕಿಕೊಂಡೆ.

"ಆಕಿ ಬರೂದಿಲ್ರಿ," ಎಂದೆ. "ಆಕಿ ತೀರಿಕೊಂಡು ಏಳು ತಿಂಗಳಾತು. ಇಷ್ಟ ದಿನ ಬರದಾಂವ ನಾನು. ತಪ್ಪಾಗೈತಿ."

ಮೊದಲು ಮಾತಾಡಿದವರು ರಾಯಬಾಗದ ಮುದುಕಿ.

"ಹಂಗಾದ್ರ ಮೈದುನ ಸಾಯ್ತಾನ ಅಂತ ಬರದವ್ರು ನೀವಾ?"

"ಹೌದ್ರಿ."

"ಐದ ದಿನ ಒಪ್ಪತ್ತ ಮಾಡೇನಿ ನಾ. ಸಕ್ಕರಿ ಬ್ಯಾನಿ ಐತಿ ನನಗ."

"ತಪ್ಪಾಗೈತ್ರಿ ಆಯಿ."

ಯಾರೋ ಹಿಂದೆ ನಕ್ಕರು, ನಕ್ಕವರೇ ಅಳಲು ಸುರು ಮಾಡಿದರು. ಶೇಡಬಾಳದವರು ಎದ್ದು ನಿಂತಿದ್ದರು. ಅವರು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, "ನಾ ಬರದದ್ದೆಲ್ಲಾ ನೀವು ಓದೀರಿ?" ಎಂದರು. ನಾನು ತಲೆ ತಗ್ಗಿಸಿದೆ. ಅವರು ಸೆರಗು ಸರಿ ಮಾಡಿಕೊಂಡು ಹೊರಗೆ ಹೋದರು. ಅವರನ್ನು ತಡೆಯುವ ಹಕ್ಕು ನನಗಿರಲಿಲ್ಲ.

ಚಿಕ್ಕೋಡಿಯವರು ತಟ್ಟೆ ಕೆಳಗಿಟ್ಟು ನನ್ನ ಹತ್ತಿರ ಬಂದರು. ಬಯ್ಯುತ್ತಾರೆ ಎಂದುಕೊಂಡೆ. ಬೈದರು.

"ಮಣ್ಣಿಗೆ ಬರೂದು ಇರ್ಲಿ, ನಿಮ್ಮನ್ನ ಮಾತಾಡಸಾಕೂ ಬರೂಹಂಗ ಮಾಡ್ಲಿಲ್ಲ ನೀವು. ಏಳು ತಿಂಗಳು ಸತ್ತಾಕಿಗೆ ಕಷಾಯ ಹೇಳಿವಿ ನಾವು. ಹಿಂಗ್ಯಾರರೆ ಮಾಡ್ತಾರೇನ್ರಿ?"

ಅವರು ಫೋನು ತೆಗೆದು ಮೇಲೆ ಕೆಳಗೆ ಸರಿಸಿದರು. "ಹಂಗಾದ್ರ ಬರದದ್ದೆಲ್ಲಾ ನಿಮ್ದು. ಮಾತಾಡಿದ್ದೆಲ್ಲಾ ಆಕಿದು," ಎಂದು ತಮಗೆ ತಾವೇ ಹೇಳಿಕೊಂಡು, ಆ ಕೊನೆಯ ಮಂಗಳವಾರದ ಧ್ವನಿ ಸಂದೇಶ ಹುಡುಕಿ ಮೈಕಿಗೆ ಹಿಡಿದರು.

ಮದುವೆ ಹಾಲ್ ತುಂಬ ಅವಳ ಧ್ವನಿ. "ಏ ಬಘಾ, ಕೇಳ್ರಿಲ್ಲೆ, ಮುಂದಿನ ವಾರ ದೊಡ್ಡ ಸೊಸಿ ತವರಿಗೆ ಹೋಗ್ತಾಳ. ಎಲ್ಲಾರೂ ಕರವಸ್ತ್ರ ರೆಡಿ ಇಟ್ಕೊರ್ರಿ. ರಾಯಬಾಗ ಅಜ್ಜಿ, ನೀವು ದೊಡ್ಡದೊಂದು ಟಾವೆಲ್ಲಽ ಇಟ್ಕೊರ್ರಿ." ಮಾತಿನ ಹಿಂದೆ ಒಂದೇ ಸಮ ಘರ್ರ್ ಘರ್ರ್ ಎಂಬ ಸದ್ದು.

"ಹಿಂದ ಅದೇನದು? ಗಿರಣಿ ನಡದೈತೇನು?" ಎಂದು ಒಬ್ಬರು ಕೇಳಿದರು.

"ಅದು ನಾನ್ರಿ," ಎಂದೆ.

ಅಳುತ್ತಿದ್ದವರೂ ನಕ್ಕರು. ನಾನೂ ನಕ್ಕೆ. ಅವಳು ಹೋದ ಮೇಲೆ ನಾಲ್ಕು ಜನರ ಮುಂದೆ ಕಣ್ಣೀರು ಹಾಕಿದ್ದು ಅದೇ ಮೊದಲು. ಮನೆಗೆ ಬಂದು ಹೋದ ಬೀಗರು, ನೆಂಟರು ಎಲ್ಲರ ಮುಂದೆ ಗಟ್ಟಿಯಾಗಿ ಕೂತವನು, ಆಳೆತ್ತರದ ನಟಿಯ ಚಿತ್ರದ ಪಕ್ಕದಲ್ಲಿ ಅತ್ತುಬಿಟ್ಟೆ.

ಅನಂತರ ಅವರು ಸಾಲಾಗಿ ಬಂದು ನನ್ನನ್ನು ಮಾತಾಡಿಸಿದರು. ಸತ್ತವರ ಮನೆಯಲ್ಲಿ ಮಾಡುವಂತೆಯೇ, ಒಬ್ಬೊಬ್ಬರೂ ಎದುರು ಕೂತು, ಎಷ್ಟು ಹೊತ್ತಿಗೆ ಆಯಿತು, ಏನೆಂದರು, ಮಗಳು ಬಂದಿದ್ದಳಾ ಎಂದು ಕೇಳಿದರು. ಸಾವಿನ ದುಃಖದಲ್ಲಿ ಸಿಹಿ ಉಣ್ಣಬಾರದೆಂದು ರಾಯಬಾಗದವರು ಊಟದಲ್ಲಿ ಶಿರಾ ಬೇಡವೆಂದರು. ಮಾಡಿದ್ದ ಶಿರಾ ಮುಚ್ಚಿಯೇ ಇತ್ತು. ಎಲ್ಲರೂ ಪೂರಿ, ಪಲ್ಯ ಅಷ್ಟೇ ಉಂಡರು. ಹಾಲು ಹಾಕುವ ಪಾತ್ರದವರೂ ಏನೂ ಅನ್ನದೆ ಅದನ್ನೇ ಉಂಡರು. ಚಿಕ್ಕೋಡಿಯವರು ನನ್ನ ಸ್ವಂತ ನಂಬರ್ ಬರೆದುಕೊಂಡು ಅಲ್ಲೇ ಗುಂಪಿಗೆ ಸೇರಿಸಿದರು. "ನಿಮ್ಮ ಹೆಸರಿಂದ ಬರೀರಿ. ಆಕಿ ಫೋನಿಂದ ಇನ್ನ ಮ್ಯಾಲ ಒಂದಕ್ಷರ ಬರಬಾರದು," ಎಂದರು. ಒಪ್ಪಿಕೊಂಡೆ.

ಬಸ್ ಸ್ಟ್ಯಾಂಡಿಗೆ ಹೊರಟಾಗ ಶೇಡಬಾಳದವರು ಕಾರ್ಯಾಲಯದ ಕಟ್ಟೆಯ ಮೇಲೆ ಕೂತಿದ್ದರು. ಹೋಗಿರಲಿಲ್ಲ. ನಾನು ದೂರ ನಿಂತು ಕೈ ಮುಗಿದೆ.

"ನಿಮ್ಮ ಸುದ್ದಿ ಯಾರ ಮುಂದೂ ಹೇಳಿಲ್ರಿ, ಹೇಳೂದೂ ಇಲ್ಲ," ಎಂದೆ.

"ಅದಿರ್ಲಿ. ಸುಮ್ಮನ ಇರ್ರಿ ಅಂತ ಬರದ್ರೆಲ್ಲ, ಎರಡು ತಿಂಗಳು ಸೊಸಿ ಕೂಡ ಮಾತಽ ಆಡ್ಲಿಲ್ಲ ನಾನು. ಅತ್ತಿ ಸಿಟ್ಟಾಗ್ಯಾಳ ಅಂತ ತಿಳಕೊಂಡು ಆಕಿ ಕಡೀಕ ಬ್ಯಾರೆ ಒಲಿ ತಂದ್ಲು."

"ನನಗ ಅಷ್ಟಽ ತಿಳೀತೈತ್ರಿ. ಸುಮ್ಮನ ಇರೂದು."

"ಅಕ್ಕಾರಾಗಿದ್ರ ಬ್ಯಾರೆ ಹೇಳ್ತಿದ್ರು."

"ಏನ್ ಹೇಳ್ತಿದ್ಲು?"

"ಗೊತ್ತಿದ್ರ ನಾ ಯಾಕ ಕೇಳ್ತಿದ್ನಿ?" ಎಂದು ಎದ್ದು ಹೋದರು.

ಈಗ ಬಳಗದಲ್ಲಿ ನನ್ನ ಹೆಸರಿನಿಂದ ಬರೆಯುತ್ತೇನೆ. ಏಳಕ್ಕೆ ಮರಾಠಿ ನೋಡಿ ಮುಂದಿನ ವಾರದ್ದನ್ನು ತಿಳಿಸುತ್ತೇನೆ. ಅರ್ಧಕ್ಕರ್ಧ ತಪ್ಪಾಗುತ್ತದೆ, ಅವರು ಗೇಲಿ ಮಾಡುತ್ತಾರೆ. ಅವಳ ಫೋನನ್ನು ವಾರಕ್ಕೊಮ್ಮೆ ಚಾರ್ಜ್ ಮಾಡಿ ಇಡುತ್ತೇನೆ. ಸುಮ್ಮನೆ ಇರಿ ಎಂದು ನಾನು ಬರೆದಿದ್ದ ಉತ್ತರವನ್ನು ಅದರಿಂದ ಅಳಿಸಿದ್ದೇನೆ. ಶೇಡಬಾಳದವರ ಪ್ರಶ್ನೆ ಅಲ್ಲಿಯೇ ಇದೆ. ಮೂವತ್ತೆರಡು ವರ್ಷ ಒಂದೇ ಮನೆಯಲ್ಲಿ ಇದ್ದವನು ನಾನು. ಅದಕ್ಕೆ ಅವಳು ಏನು ಉತ್ತರ ಕೊಡುತ್ತಿದ್ದಳೆಂದು ನನಗೆ ಗೊತ್ತಿಲ್ಲ.